ತಪ್ಪು ಐಎಸ್‌ಒದ್ದಲ್ಲ, ಬೆಳಕಿನದು

ನಸುಕಿನಲ್ಲಿ ತೆಗೆದ ಹದ್ದಿನ ಚಿತ್ರ ಕಾಳುಕಾಳಾಗಿ ಬಂದರೆ ಬೈಗುಳ ಬೀಳುವುದು ಐಎಸ್‌ಒ ಮೇಲೆ, ಅಂದರೆ ಚಿತ್ರವನ್ನು ಎಷ್ಟು ಬೆಳಗಿಸಬೇಕೆಂದು ಕ್ಯಾಮೆರಾಗೆ ಹೇಳುವ ಅಂಕಿಯ ಮೇಲೆ. ಅದನ್ನು 800ಕ್ಕೆ ಇಳಿಸಿ, ಕಪ್ಪಗೆ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಬೆಳಗಿಸುವವರಿದ್ದಾರೆ. ಕಾಳು ಅಲ್ಲೂ ಅಷ್ಟೇ ಇರುತ್ತದೆ, ಕೆಲವು ಕ್ಯಾಮೆರಾಗಳಲ್ಲಿ ಹೆಚ್ಚೇ. ಐಎಸ್‌ಒ ಧ್ವನಿವರ್ಧಕದ ತಿರುಪಿದ್ದ ಹಾಗೆ. ಹಾಡುವ ದನಿಯೇ ಕ್ಷೀಣವಾಗಿದ್ದರೆ ಗೊರಗೊರ ಸದ್ದಿಗೆ ತಿರುಪು ಹೊಣೆಯಲ್ಲ.

ಬೆಳಕು ಬೀಳುವುದು ಹನಿಹನಿಯಾಗಿ. ಆ ಹನಿಯೇ ಫೋಟಾನ್. ಅಂಗಳದಲ್ಲಿ ಸಾಲಾಗಿ ಬಟ್ಟಲಿಟ್ಟರೆ ಜಡಿಮಳೆಗೆ ಎಲ್ಲವೂ ಹೆಚ್ಚುಕಡಿಮೆ ಸಮನಾಗಿ ತುಂಬುತ್ತವೆ. ನಾಲ್ಕು ಹನಿ ಉದುರಿ ನಿಂತ ಮಳೆಗೆ ಒಂದರಲ್ಲಿ ಮೂರು, ಪಕ್ಕದ್ದರಲ್ಲಿ ಒಂದು, ಮತ್ತೊಂದು ಒಣ. ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸೆನ್ಸರಿನ ಪಿಕ್ಸೆಲ್‌ಗಳ ಪಾಡೂ ಇದೇ, ಈ ಏರುಪೇರೇ ಚಿತ್ರದಲ್ಲಿ ಕಾಳಾಗಿ ಕಾಣುವುದು. ಏರುಪೇರು ಸರಾಸರಿಯ ವರ್ಗಮೂಲದಷ್ಟು: 10,000 ಫೋಟಾನ್ ಬಿದ್ದಲ್ಲಿ 100, ಅಂದರೆ ಶೇ. 1, ಬರೀ 100 ಬಿದ್ದಲ್ಲಿ 10, ಅಂದರೆ ಶೇ. 10. ಎಂಥ ದುಬಾರಿ ಕ್ಯಾಮೆರಾ ಕೊಂಡರೂ ಈ ವರ್ಗಮೂಲ ಬೆನ್ನು ಬಿಡದು. ಗೂಬೆಯೂ ಇದಕ್ಕೆ ತಲೆಬಾಗಿದೆ: ಬೆಳಕು ಕೂಡಿಸಲು ಅದರ ಕಣ್ಣು ಬೆಳೆದು ಕೊಳವೆಯಾಗಿ, ಕಣ್ಣಗೂಡಿನಲ್ಲಿ ಹೊರಳದಂತಾಗಿದೆ. ಅದಕ್ಕೇ ಕತ್ತನ್ನೇ 270 ಡಿಗ್ರಿ ತಿರುಗಿಸುತ್ತದೆ.

ಹಕ್ಕಿಗೆ ಕಾಣದಂತೆ ಅಡಗಿ ಕೂರುವ ಮರೆಗೂಡಾರದೊಳಗೆ ನಾವೂ ಮಾಡಬೇಕಾದ್ದು ಫೋಟಾನ್ ಕೂಡಿಸುವುದನ್ನೇ. ಎಫ್ ಅಂಕಿ ಕಿರಿದಾದಷ್ಟೂ ಲೆನ್ಸಿನ ಕಿಂಡಿ ಹಿರಿದು: ಎಫ್/5.6ರ ಬದಲು ಎಫ್/4 ಲೆನ್ಸಾದರೆ ಬೆಳಕು ಎರಡು ಪಟ್ಟು. ಖರ್ಚಿಲ್ಲದ ದಾರಿ ಶಟರ್, ಅಂದರೆ ಬೆಳಕಿಗೆ ಬಾಗಿಲು ತೆರೆದಿಡುವ ಹೊತ್ತು. ಕೂತ ಹಕ್ಕಿಗೆ 1/1000 ಸೆಕೆಂಡ್ ಏಕೆ? 1/60ಕ್ಕಿಳಿದರೆ ಬೆಳಕು ಸುಮಾರು 16 ಪಟ್ಟು, ಏರುಪೇರಿನ ಪಾಲು ನಾಲ್ಕನೇ ಒಂದು. 500 ಮಿ.ಮೀ. ಲೆನ್ಸನ್ನು ಗಟ್ಟಿ ಟ್ರೈಪಾಡಿಗೇರಿಸಿ, ಕ್ಯಾಮೆರಾ ಮುಟ್ಟದೆ ತಂತಿಯ ತುದಿಯ ಗುಂಡಿ (ಕೇಬಲ್ ರಿಲೀಸ್) ಒತ್ತಿ, ಹಕ್ಕಿ ತಲೆ ತಿರುಗಿಸಿ ನಿಲ್ಲಿಸಿದ ಗಳಿಗೆಗೆ ಎಂಟು ಹತ್ತು ಚಿತ್ರ ಸರಸರ ತೆಗೆಯಿರಿ. ಬಹುಪಾಲು ಅಲುಗಿರುತ್ತವೆ, ಒಂದೆರಡು ಸಾಕಲ್ಲ! ಹಾರುವ ಹಕ್ಕಿಗೆ 1/1600 ಬೇಕೇ ಬೇಕು, ಆಗ 6400 ಐಎಸ್‌ಒಗೂ ಅಂಜಬೇಡಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಕ್ಕಿ ಕೂತಾಗಷ್ಟೇ. ಚಿತ್ರವನ್ನು ಸಾಲುಸಾಲಾಗಿ ನಿಧಾನ ಓದುವ ಸೆನ್ಸರಿನಲ್ಲಿ ಬಡಿಯುವ ರೆಕ್ಕೆ ಸೊಟ್ಟಗಾಗುತ್ತದೆ. ಮಸುಕಿನಲ್ಲಿ ಆಟೋಫೋಕಸ್ ತಡಕಾಡಿದರೆ ನಡುವಿನ ಬಿಂದುವನ್ನು ನುಣುಪು ಎದೆಯ ಮೇಲಿಡದೆ ಕೊಕ್ಕಿನ ಅಂಚಿಗೆ ಹಿಡಿಯಿರಿ.

ಗೂಡಾರದ ಹಿಂಬದಿಯ ಬಟ್ಟೆ ದಪ್ಪಗೆ, ಕಪ್ಪಗಿರಲಿ. ತೆಳುವಾದರೆ ಮೂಡುವ ಬೆಳಕಿಗೆ ನಿಮ್ಮ ನೆರಳು ಆಡುತ್ತದೆ. ಕ್ಯಾಮೆರಾದ ಹಿಂದಿನ ಪರದೆ ಆರಿರಲಿ. ಚಳಿಯಲ್ಲಿ ಉಸಿರು ವ್ಯೂಫೈಂಡರಿಗೆ ಮಂಜು ಕಟ್ಟುತ್ತದೆ, ಮೂಗು ಬಾಯಿಗೆ ಬಟ್ಟೆ ಸುತ್ತಿ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರ್ರಿ ಕಿಯರ್ಟನ್ ಸೋದರರು ಟೊಳ್ಳು ಎತ್ತನ್ನೇ ಮರೆಯಾಗಿಸಿಕೊಂಡಿದ್ದರು. ಹಕ್ಕಿ ನೋಡುತ್ತಿದ್ದರೆ ಇಬ್ಬರು ಒಳಹೊಕ್ಕು ಒಬ್ಬರು ಹೊರಹೋಗುವುದು, ಗೂಡಾರ ಖಾಲಿಯಾಯಿತೆಂದು ಅದು ನಂಬಲೆಂಬ ಹಳೆಯ ಉಪಾಯ. ಅದಕ್ಕಿಂತ ಕತ್ತಲಿರುವಾಗಲೇ ಹೋಗಿ ಕೂರುವುದು ವಾಸಿ.

ಆದರೆ ಗೂಡಿನ ಬಳಿ ಬೇಡ, ಹಕ್ಕಿ ಬಂದು ಕೂರುವ ಕೊಂಬೆಯೆದುರು ಗೂಡಾರ ಹಾಕಿ. ಮರಿಗಳಿರುವ ಗೂಬೆ ಮೈಮೇಲೆ ಎರಗುತ್ತದೆ. ಬ್ರಿಟಿಷ್ ಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್ 1937ರಲ್ಲಿ ಎಡಗಣ್ಣು ಕಳೆದುಕೊಂಡದ್ದು ಹಾಗೆಯೇ. ಹೊರಬರುವುದೂ ಹಕ್ಕಿ ತಾನಾಗಿ ಹಾರಿಹೋದ ಮೇಲೆ.