ಹುಣಸೆಹಣ್ಣು ಹಚ್ಚುವ ಮುನ್ನ

ಹಳೆಯ ಲೋಹ ಮತ್ತು ಚರ್ಮದ ವಸ್ತುಗಳನ್ನು ಕಾಪಾಡುವುದು ನನ್ನ ಕಸುಬು. ಅಟ್ಟದ ಟ್ರಂಕಿನಲ್ಲಿ ಮುತ್ತಜ್ಜನ ಯುದ್ಧದ ಸಾಮಾನು ಸಿಕ್ಕಿತೆಂದು ಆಗಾಗ ಯಾರಾದರೂ ಬರುತ್ತಾರೆ. ಬರುವವರಲ್ಲಿ ಹೆಚ್ಚಿನವರು ಅದನ್ನು ಥಳಥಳ ಬೆಳಗಿಕೊಂಡೇ ತರುತ್ತಾರೆ. ಮರ್ಯಾದೆಯಿಂದ ಮಾಡಿದ ಕೆಲಸವೇ. ಹಬ್ಬದ ಹಿಂದಿನ ದಿನ ದೇವರ ಪಾತ್ರೆ ಬೆಳಗುವುದಿಲ್ಲವೇ, ಹಾಗೆ. ನನಗೆ ಮಾತ್ರ ಎದೆ ಧಸಕ್ಕೆನ್ನುತ್ತದೆ.

ಈಚೆಗೆ ಒಂದು ಕುಟುಂಬ ತಂದದ್ದು ಅಂಗೈಗಿಂತ ತುಸು ಉದ್ದದ ಹಿತ್ತಾಳೆ ಡಬ್ಬಿ. ಮುಚ್ಚಳ ನೋಡಿದ ಕೂಡಲೇ ಗುರುತು ಹತ್ತಿತು. 1914ರ ಕ್ರಿಸ್‌ಮಸ್‌ಗೆ ಬ್ರಿಟನ್ನಿನ ರಾಜಕುಮಾರಿ ಮೇರಿಯ ಹೆಸರಿನಲ್ಲಿ ಚಂದಾ ಎತ್ತಿ ಮೊದಲ ಮಹಾಯುದ್ಧದ ಸೈನಿಕರಿಗೆ ಹಂಚಿದ ಡಬ್ಬಿ ಅದು. ನಡುವೆ ಆಕೆಯ ಮುಖ, ಸುತ್ತ ಎಲೆಗಳ ಮಾಲೆ, ಅಂಚಿನಲ್ಲಿ ಮಿತ್ರರಾಷ್ಟ್ರಗಳ ಹೆಸರು. ಬೆಲ್ಜಿಯಂ ಇದೆ, ಜಪಾನ್ ಇದೆ, ಪುಟ್ಟ ಮಾಂಟೆನೆಗ್ರೊ ಕೂಡ ಇದೆ. ಭಾರತ ಇಲ್ಲ. ನಾವು ಮೇಲಿರುವ ‘ಇಂಪೀರಿಯಂ ಬ್ರಿಟಾನಿಕಂ’ ಎಂಬ, ಬ್ರಿಟಿಷ್ ಸಾಮ್ರಾಜ್ಯ ಎನ್ನುವ ಎರಡು ಲ್ಯಾಟಿನ್ ಪದಗಳೊಳಗೆ ಅಡಗಿದ್ದೇವೆ.

ಹೊರಗಿನ ಹೆಸರಿಗೆ ಸೇರಿಸದಿದ್ದರೂ ಒಳಗಿನ ತಿನಿಸಿನಲ್ಲಿ ನಮ್ಮವರನ್ನು ಎಣಿಸಿದ್ದರು. ಬ್ರಿಟಿಷ್ ಸಿಪಾಯಿಗೆ ತಂಬಾಕು, ಸಿಗರೇಟು. ಸಿಖ್ಖರು ತಂಬಾಕು ಮುಟ್ಟುವವರಲ್ಲವೆಂದು ಅವರಿಗೆ ಕಲ್ಲುಸಕ್ಕರೆ ಮತ್ತು ತಗಡಿನ ಸಣ್ಣ ಕರಡಿಗೆಯಲ್ಲಿ ಮಸಾಲೆ. ಗೂರ್ಖಾಗಳನ್ನು ಬಿಟ್ಟು ಉಳಿದ ಭಾರತೀಯರಿಗೆ ಸಿಗರೇಟು, ಕಲ್ಲುಸಕ್ಕರೆ, ಮಸಾಲೆ ಮೂರೂ. ಈ ಡಬ್ಬಿಗಳ ಒಟ್ಟು ಸಂಖ್ಯೆ 26 ಲಕ್ಷ ಮೀರಿತು. ಹಿತ್ತಾಳೆಯೇ ಸಾಲದೆ ಅಮೆರಿಕದಿಂದ ತರಿಸಬೇಕಾಯಿತು; 1915ರ ಮೇ ತಿಂಗಳಲ್ಲಿ ಮುಳುಗಿದ ಲುಸಿಟಾನಿಯಾ ಹಡಗಿನೊಂದಿಗೆ ಅದರ ಒಂದು ಪಾಲು ಸಮುದ್ರದ ತಳ ಸೇರಿತು.

ಹೀಗೆ ಲಕ್ಷಗಟ್ಟಲೆ ಒಂದೇ ಅಚ್ಚಿನಲ್ಲಿ ಒತ್ತಿದ ವಸ್ತುವಿನಲ್ಲಿ ಅದನ್ನು ಇಟ್ಟುಕೊಂಡ ಮನುಷ್ಯನನ್ನು ಹುಡುಕುವುದು ಎಲ್ಲಿ? ಗೀರಿನಲ್ಲಿ, ಸವೆತದಲ್ಲಿ, ಮೂಲೆಯ ಕೊಳೆಯಲ್ಲಿ. ಬೆಳಗಿದಾಗ ಮೊದಲು ಹೋಗುವುದು ಅವೇ.

ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಬೆರಕೆ. ಹುಣಸೆಹಣ್ಣಿನ ಆಮ್ಲ ಮೇಲಿನ ಕಿಲುಬನ್ನಷ್ಟೇ ಕರಗಿಸಿ ನಿಲ್ಲುವುದಿಲ್ಲ. ಹೆಚ್ಚು ಹೊತ್ತು ಬಿಟ್ಟರೆ ಮೇಲ್ಪದರದ ಸತುವನ್ನೂ ಕಿತ್ತುಕೊಳ್ಳುತ್ತದೆ. ಉಳಿಯುವುದು ತಾಮ್ರ. ಹಳದಿ ಇರಬೇಕಾದ ಕಡೆ ನಸುಗೆಂಪು ಕಂಡರೆ ಅದು ಹೊಳಪಲ್ಲ, ಗಾಯ. ಬೂದಿ ಹಾಕಿ ತಿಕ್ಕಿದರೆ ಉಬ್ಬುಚಿತ್ರದ ಮೂಗು, ಕಣ್ಣು ಸವೆದು ಮುಖ ಬೋಳಾಗುತ್ತದೆ. ನನ್ನ ಮುಂದಿದ್ದ ರಾಜಕುಮಾರಿಗೆ ಆಗಲೇ ಮೂಗು ಇರಲಿಲ್ಲ. ಪದಕಗಳಲ್ಲಂತೂ ನಷ್ಟ ಇನ್ನೂ ದೊಡ್ಡದು. ಆ ಯುದ್ಧದ ಬೆಳ್ಳಿ ಪದಕದ ದಪ್ಪ ಅಂಚಿನ ಮೇಲೆ ಸೈನಿಕನ ಸಂಖ್ಯೆ, ಹೆಸರು, ದಳ ಕೆತ್ತಿರುತ್ತದೆ. ಉಜ್ಜಿ ಅಂಚು ನುಣುಪಾದರೆ ದಾಖಲೆ ಹುಡುಕುವ ದಾರಿಯೇ ಮುಚ್ಚಿದಂತೆ.

ಚರ್ಮದ ಕಥೆ ಬೇರೆ. ಕುದುರೆ ಸವಾರರು ಎದೆಗಡ್ಡವಾಗಿ ಹಾಕಿಕೊಳ್ಳುತ್ತಿದ್ದ 1903ರ ಮಾದರಿಯ ಗುಂಡುಪಟ್ಟಿಯಲ್ಲಿ ಒಂಬತ್ತು ಜೇಬು, ಜೇಬಿಗೆ ಹತ್ತರಂತೆ 90 ತೋಟಾ. ಪ್ಯಾಲೆಸ್ತೀನ್ ಕಡೆಯ ದಂಡಯಾತ್ರೆಯಲ್ಲಿ ಸವಾರ, ಜೀನು, ಆಯುಧ, ನೀರು, ಮೇವು ಎಲ್ಲ ಸೇರಿ ಒಂದೊಂದು ಕುದುರೆಯ ಬೆನ್ನ ಮೇಲೆ ಸುಮಾರು 130 ಕಿಲೋ ಇರುತ್ತಿತ್ತು. ಕಾಲಾಳು ತನ್ನದೇ ಬೆನ್ನ ಮೇಲೆ ಹೊರುತ್ತಿದ್ದುದು 27 ಕಿಲೋ ಆಸುಪಾಸು. ಇಷ್ಟೆಲ್ಲ ಸರ್ಕಾರಿ ಭಾರದ ನಡುವೆ ಸ್ವಂತದ್ದೆನ್ನಲು ಸಿಗುತ್ತಿದ್ದ ಜಾಗ ಇಂಥ ಒಂದು ಡಬ್ಬಿಯಷ್ಟು. ಚರ್ಮದ ಪಟ್ಟಿಗೆ ಕೊಬ್ಬರಿ ಎಣ್ಣೆ ಸವರಿ ತರುವವರಿಗೆ ನಾನು ಹಿತ್ತಾಳೆ ಬಕಲ್ಲಿನ ಸುತ್ತ ತೋರಿಸುತ್ತೇನೆ: ಹಸಿರು ಮೇಣದಂಥ ಕೆಸರು. ಎಣ್ಣೆಯ ಕೊಬ್ಬು ತಾಮ್ರದೊಂದಿಗೆ ಕೂಡಿ ಆದದ್ದು ಅದು. ಬಿದಿರುಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ ತೆಗೆಯಬಹುದು, ಎಣ್ಣೆ ಕುಡಿದ ಚರ್ಮದಿಂದ ಎಣ್ಣೆಯನ್ನು ತೆಗೆಯಲಾಗದು.

ಡಬ್ಬಿ ತಂದ ಮನೆಯವರ ಪ್ರಕಾರ ಮುತ್ತಜ್ಜ ಮೈಸೂರು ಸಂಸ್ಥಾನದ ಕುದುರೆ ದಳವಾದ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದವರು. ಆ ದಳ 1914ರಲ್ಲೇ ಈಜಿಪ್ಟ್‌ಗೆ ಹೋಗಿ ಸೂಯೆಜ್ ಕಾಲುವೆ ಕಾಯ್ದಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಪ್ಯಾಲೆಸ್ತೀನಿನ ಬಂದರು ಹೈಫಾ ಹಿಡಿಯಿತು. ಮನೆಮಾತನ್ನು ನಾನು ಪೂರ್ತಿ ನಂಬುವುದಿಲ್ಲ, ತಳ್ಳಿಯೂ ಹಾಕುವುದಿಲ್ಲ. ಅವರು ‘ಇದೇನೂ ಮುಖ್ಯವಲ್ಲ’ ಎಂದು ಲಕೋಟೆಯೊಂದರಲ್ಲಿ ಹಳದಿಯಾದ ಸಣ್ಣ ಕಾರ್ಡನ್ನೂ ತಂದಿದ್ದರು. ನನಗೆ ಡಬ್ಬಿಗಿಂತ ಅದೇ ಮುಖ್ಯವಾಯಿತು. ಫ್ರಾನ್ಸಿನ ರಣರಂಗದಲ್ಲಿದ್ದವರಿಗೆ ಡಬ್ಬಿಯ ಜೊತೆ ಮೊದಲು ಹೋದ ಕಾರ್ಡಿನಲ್ಲಿ ಕ್ರಿಸ್‌ಮಸ್ ಮತ್ತು ಹೊಸ ವರ್ಷ ಎರಡರ ಹಾರೈಕೆ ಇತ್ತು. ಬೇರೆಡೆ ಇದ್ದವರಿಗೆ ಹಬ್ಬ ಕಳೆದ ಮೇಲೆ ಹಂಚಿದಾಗ ವಿಜಯದ ಹೊಸ ವರ್ಷದ ಹಾರೈಕೆಯಷ್ಟೇ ಉಳಿಯಿತು. ಇವರ ಕಾರ್ಡಿನಲ್ಲಿ ಕ್ರಿಸ್‌ಮಸ್ ಇಲ್ಲ. ಈಜಿಪ್ಟ್ ಎಂಬ ಮಾತು ಸಾಬೀತಾಯಿತೆಂದಲ್ಲ. ಆದರೆ ಅದಕ್ಕೆ ಅಡ್ಡಿಯೂ ಇಲ್ಲ.

ಮುಚ್ಚಳ ತೆರೆದರೆ ಒಳಗೆ ಬೆಳಗಿರಲಿಲ್ಲ, ಪುಣ್ಯ. ಕೀಲಿನ ಸಂದಿಯಲ್ಲಿ, ನಾಲ್ಕು ಮೂಲೆಗಳಲ್ಲಿ ಕೆಂಪು ಪುಡಿ ಗಟ್ಟಿಯಾಗಿ ಕೂತಿತ್ತು. ತುಕ್ಕೋ ಬಣ್ಣವೋ ಎಂದು ಭೂತಗನ್ನಡಿ ಹಿಡಿದು ನೋಡುತ್ತಿರುವಾಗ ಜೊತೆಗೆ ಬಂದಿದ್ದ ವೃದ್ಧೆ, “ನಮ್ಮ ಅತ್ತೆ ಇದರಲ್ಲಿ ಕುಂಕುಮ ಇಡುತ್ತಿದ್ದರು” ಎಂದರು. ಕುಂಕುಮವನ್ನು ತೆಗೆದು ಕೊಡಬೇಕೇ ಎಂದು ಮೊಮ್ಮಗ ಕೇಳಿದ. ಬೇಡವೆಂದೆ. ಹೊರಗಿನ ಹುಣಸೆಹುಳಿಯ ಅಂಶವನ್ನು ಶುದ್ಧೀಕರಿಸಿದ ನೀರಿನಿಂದ ಒರೆಸಿ ಒಣಗಿಸಿ, ತೆಳುವಾಗಿ ಮೇಣ ಸವರಿ, ಗಂಜಿ ಹಾಕದ ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ ಹಿಂದಿರುಗಿಸಿದೆ. ಕುಂಕುಮ ಮೂಲೆಯಲ್ಲಿ ಹಾಗೆಯೇ ಇದೆ.