ಮದುವೆಗೆ ಮೊದಲು ಬುಡಾಪೆಸ್ಟ್: ಟಿಕೆಟ್‌ಗಿಂತ ಮುಂಚೆ ಆಗಬೇಕಾದ ಮಾತು

ಮದುವೆ ಗೊತ್ತಾದ ಹುಡುಗರು ಗೆಳೆಯರನ್ನು ಕಟ್ಟಿಕೊಂಡು ಶಿವಮೊಗ್ಗದ ನಮ್ಮ ಟ್ರಾವೆಲ್ ಆಫೀಸಿಗೆ ಬಂದರೆ, ಮದುವೆಗೆ ಮುಂಚಿನ ಬ್ಯಾಚುಲರ್ ಪಾರ್ಟಿಗೆ ಮೊದಲೆಲ್ಲ ಗೋವಾ ಕೇಳುತ್ತಿದ್ದರು. ಆಮೇಲೆ ಥಾಯ್ಲೆಂಡ್ ಬಂತು. ಈಗ ಬುಡಾಪೆಸ್ಟ್, ಪ್ರಾಗ್, ಆಮ್‌ಸ್ಟರ್‌ಡ್ಯಾಮ್ ಹೆಸರು ಹೇಳುತ್ತಾರೆ. ಹುಡುಗಿಯರ ಗುಂಪುಗಳೂ ಬರುತ್ತವೆ, ಅವರ ತಯಾರಿ ಸಾಮಾನ್ಯವಾಗಿ ಇನ್ನೂ ಚೆನ್ನಾಗಿರುತ್ತದೆ. ಎಲ್ಲರ ಮೊದಲ ಬೇಡಿಕೆ ಮಾತ್ರ ಒಂದೇ: "ಶುಕ್ರವಾರ ಹೊರಟು ಸೋಮವಾರ ವಾಪಸ್ ಬರೋ ಹಾಗೆ ಮಾಡಿಕೊಡಿ ಸರ್."

ಅದು ಆಗುವುದಿಲ್ಲ. ಆ ವೀಕೆಂಡ್ ಲೆಕ್ಕ ಲಂಡನ್ನಿನವರದ್ದು. ಅಲ್ಲಿಂದ ಬುಡಾಪೆಸ್ಟ್‌ಗೆ ಸುಮಾರು ಎರಡೂವರೆ ಗಂಟೆಯ ವಿಮಾನ. ನಾವು ಬೆಂಗಳೂರು ಸೇರುವುದಕ್ಕೇ 300 ಕಿಲೋಮೀಟರ್ ಹೋಗಬೇಕು. ಅಲ್ಲಿಂದ ಬುಡಾಪೆಸ್ಟ್‌ಗೆ ನೇರ ವಿಮಾನ ಇಲ್ಲ, ನಡುವೆ ಒಂದು ಕಡೆ ಇಳಿದು ಹತ್ತಲೇಬೇಕು. ಮನೆ ಬಿಟ್ಟು ರೂಮು ಸೇರುವಷ್ಟರಲ್ಲಿ ಹೆಚ್ಚುಕಮ್ಮಿ ಒಂದು ದಿನ ಹೋಗಿರುತ್ತದೆ. ಎರಡು ರಾತ್ರಿ ಪಾರ್ಟಿ ಮಾಡಬೇಕು ಅಂದರೂ ಆರು ದಿನ ರಜೆ ಇಟ್ಟುಕೊಳ್ಳಿ. ಆರು ದಿನ ಅಂದಮೇಲೆ ಖರ್ಚಿನ ಲೆಕ್ಕವೂ ಬೇರೆಯೇ ಆಗುತ್ತದೆ.

ಅದಕ್ಕೇ ನಾನು ವಿಮಾನದ ರೇಟು ನೋಡುವ ಮೊದಲು ಗುಂಪಿನ ಎಲ್ಲರ ಫೋನ್ ನಂಬರ್ ತಗೊಳ್ಳುತ್ತೇನೆ. ಒಬ್ಬೊಬ್ಬರಿಗೇ ಫೋನ್ ಮಾಡಿ, ಸಾಲ ಮಾಡದೆ ಎಷ್ಟರವರೆಗೆ ಹಾಕಬಹುದು ಅಂತ ಕೇಳುತ್ತೇನೆ. ಎಲ್ಲರೆದುರು ಕೇಳಿದರೆ ನಿಜ ಹೊರಗೆ ಬರುವುದಿಲ್ಲ. ಆಫೀಸಿನಲ್ಲಿ ಕೂತಾಗ ಬೆಂಗಳೂರಿನ ಐಟಿ ಕಂಪನಿಯಲ್ಲಿರುವವನು "ಎರಡೂವರೆ ಲಕ್ಷ ಆದ್ರೂ ಪರವಾಗಿಲ್ಲ, ಜೀವನದಲ್ಲಿ ಒಂದೇ ಸಲ ಅಲ್ವಾ" ಅನ್ನುತ್ತಾನೆ. ಪಕ್ಕದಲ್ಲಿ ಕೂತವನು ಸಾಗರದಲ್ಲಿ ಮೊಬೈಲ್ ಅಂಗಡಿ ಇಟ್ಟವನು, ಅಥವಾ ತೀರ್ಥಹಳ್ಳಿಯ ಖಾಸಗಿ ಶಾಲೆಯ ಮೇಷ್ಟ್ರು. ಅವನೂ ತಲೆಯಾಡಿಸುತ್ತಾನೆ. ಸಂಜೆ ಬಸ್‌ಸ್ಟ್ಯಾಂಡಿನಿಂದ ಅವನದೇ ಫೋನ್ ಬರುತ್ತದೆ. "ಅಣ್ಣ, ಒಂದೂಕಾಲು ದಾಟಿದ್ರೆ ನನ್ನ ಕೈಲಿ ಆಗಲ್ಲ. ಅವರಿಗೆ ಹೇಳಬೇಡಿ."

ಆ ಒಂದೂಕಾಲೇ ನನ್ನ ಬಜೆಟ್. ಗುಂಪಿನಲ್ಲಿ ಯಾರ ಕೈ ಎಲ್ಲಕ್ಕಿಂತ ಬಿಗಿಯೋ ಅವರ ಅಂಕಿಯ ಮೇಲೆ ಪ್ಲಾನ್ ಕಟ್ಟಬೇಕು. ಸರಾಸರಿ ತೆಗೆದು ಕಟ್ಟಿದರೆ ಒಬ್ಬ ಚೀಟಿ ಎತ್ತಿ ಬರುತ್ತಾನೆ, ಇನ್ನೊಬ್ಬ ಕೊನೇ ವಾರದಲ್ಲಿ "ಅಮ್ಮಂಗೆ ಹುಷಾರಿಲ್ಲ" ಅಂತ ಹಿಂದೆ ಸರಿಯುತ್ತಾನೆ. ಮದುಮಗನಿಗೆ ಬೇಕಾಗಿರುವುದು ಇವರಿಬ್ಬರೂ ಜೊತೆಗಿರುವುದು, ಅಲ್ವಾ? ಜಾಸ್ತಿ ಖರ್ಚು ಮಾಡುವ ಆಸೆ ಇರುವವರು ಒಬ್ಬರೇ ರೂಮು ತಗೊಳ್ಳಲಿ, ಬೇಕಾದರೆ ಎರಡು ದಿನ ಮೊದಲೇ ಹೋಗಿ ವಿಯೆನ್ನಾ ನೋಡಿಕೊಂಡು ಬರಲಿ. ಒಟ್ಟಿಗೆ ಮಾಡುವುದು ಮಾತ್ರ ಎಲ್ಲರ ಕೈಗೂ ಎಟುಕುವಂತಿರಬೇಕು. ಆ ಅಂಕಿಗೆ ಯುರೋಪ್ ಬರುವುದೇ ಇಲ್ಲ ಅನ್ನಿಸಿದರೆ ಅದನ್ನೂ ನೇರವಾಗಿ ಹೇಳುತ್ತೇನೆ.

ಮದುಮಗನ ಖರ್ಚು ಯಾರದ್ದು ಅನ್ನುವುದೂ ಮೊದಲೇ ತೀರ್ಮಾನ ಆಗಬೇಕು. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಗೆಳೆಯರು ಅವನ ಪಾಲನ್ನು ಹಂಚಿಕೊಳ್ಳುತ್ತಾರೆ. ನಮ್ಮಲ್ಲಿ ಮದುಮಗನೇ "ಎಲ್ಲಾ ನಂದು" ಅಂದುಬಿಡುತ್ತಾನೆ. ಮುಂದೆ ಛತ್ರ, ಚಿನ್ನ, ಅಡುಗೆಯವರ ಅಡ್ವಾನ್ಸ್ ಅಂತ ದುಡ್ಡು ಕರಗುವ ಹೊತ್ತಿಗೆ ಆ ಮಾತು ಭಾರವಾಗುತ್ತದೆ. ನನ್ನ ಸಲಹೆ: ಅವನ ರೂಮು, ಊಟ ಗೆಳೆಯರದ್ದು. ವಿಮಾನ, ವೀಸಾ ಅವನದ್ದೇ.

ಇನ್ನು ವೀಸಾ. ಈ ಮೂರು ಊರುಗಳಿರುವ ಹಂಗೇರಿ, ಝೆಕ್, ನೆದರ್‌ಲ್ಯಾಂಡ್ಸ್ ಮೂರೂ ಷೆಂಗೆನ್ ದೇಶಗಳು, ಒಂದೇ ವೀಸಾ ಸಾಕು. ಜಾಸ್ತಿ ರಾತ್ರಿ ಎಲ್ಲಿ ಕಳೆಯುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ದೊಡ್ಡವರಿಗೆ ಶುಲ್ಕ 90 ಯೂರೋ, 2024ರ ಜೂನ್‌ನಿಂದ ಅಷ್ಟಾಗಿದೆ. ವೀಸಾ ಸಿಗದಿದ್ದರೂ ಅದು ವಾಪಸ್ ಬರುವುದಿಲ್ಲ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ತಗೊಳ್ಳುತ್ತಾರೆ, 15 ದಿನದೊಳಗೆ ಹಾಕುವ ಹಾಗಿಲ್ಲ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಅನುಮಾನ ಬಂದರೆ 45 ದಿನದವರೆಗೂ ಎಳೆಯಬಹುದು. ಜೊತೆಗೆ ಕನಿಷ್ಠ 30,000 ಯೂರೋ ಚಿಕಿತ್ಸಾ ವೆಚ್ಚ ಭರಿಸುವ ವಿಮೆ ಬೇಕು. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟಿದ್ದಾಗಿರಬೇಕು, ವಾಪಸ್ ಹೊರಟ ಮೇಲೂ ಮೂರು ತಿಂಗಳು ಜೀವ ಇರಬೇಕು. ಬೆರಳಚ್ಚು ಕೊಡಲು ಎಲ್ಲರೂ ಬೆಂಗಳೂರಿಗೆ ಹೋಗಬೇಕು. ಒಟ್ಟಿಗೆ ಹೋದರೂ ಪ್ರತಿಯೊಬ್ಬರ ಫೈಲು ಬೇರೆ, ತೀರ್ಮಾನವೂ ಬೇರೆ.

ನಮ್ಮ ಕಡೆಯ ಗುಂಪುಗಳಲ್ಲಿ ಸಂಬಳದವರ ಫೈಲು ಸಲೀಸು. ಸ್ಯಾಲರಿ ಸ್ಲಿಪ್, ರಜೆಯ ಪತ್ರ, ಆದಾಯ ತೆರಿಗೆ ರಿಟರ್ನ್ಸ್ ಇದ್ದರಾಯಿತು. ಕಷ್ಟ ಆಗುವುದು ತೋಟದವನ ಫೈಲಿಗೆ. ಅವನ ಹತ್ತಿರ ದುಡ್ಡು ಇಲ್ಲ ಅಂತಲ್ಲ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಹಾಗಾಗಿ ಎಷ್ಟೋ ಜನ ರಿಟರ್ನ್ಸ್ ಹಾಕಿರುವುದೇ ಇಲ್ಲ. ಬ್ಯಾಂಕ್ ಖಾತೆ ನೋಡಿದರೆ ತಿಂಗಳುಗಟ್ಟಲೆ ಏನೂ ಇಲ್ಲ, ಅಡಿಕೆ ಬಿಟ್ಟ ದಿನ ಒಮ್ಮೆಗೇ ನಾಲ್ಕು ಲಕ್ಷ ಬಂದು ಬಿದ್ದಿರುತ್ತದೆ. ಮಲೆನಾಡಿನ ನಮಗೆ ಅದು ರಾಶಿ ಅಡಿಕೆ ಮಾರಿದ ದುಡ್ಡು ಅಂತ ನೋಡಿದ ತಕ್ಷಣ ಗೊತ್ತಾಗುತ್ತದೆ. ಎಲ್ಲೋ ಕೂತು ಫೈಲು ನೋಡುವ ಅಧಿಕಾರಿಗೆ ಅದು ವೀಸಾಕ್ಕೋಸ್ಕರ ಸಾಲ ತಂದು ತುಂಬಿಸಿದ ಹಾಗೆ ಕಾಣುತ್ತದೆ.

ಇದಕ್ಕೆ ದಾರಿ ಇದೆ. ಪಹಣಿ, ಅಡಿಕೆ ಮಾರಾಟದ ಸಹಕಾರ ಸಂಘವಾದ ಮ್ಯಾಮ್ಕೋಸ್‌ನಲ್ಲೋ ಮಂಡಿಯಲ್ಲೋ ಅಡಿಕೆ ಬಿಟ್ಟ ಬಿಲ್ಲುಗಳು, ಸಾಧ್ಯವಾದರೆ ಹಿಂದಿನ ಎರಡು ವರ್ಷದವೂ ಇರಲಿ. ಬಿಲ್ಲಿನ ತಾರೀಖು, ಮೊತ್ತ ಬ್ಯಾಂಕ್ ಸ್ಟೇಟ್‌ಮೆಂಟಿಗೆ ತಾಳೆಯಾಗಬೇಕು. ಪಹಣಿ ಅಪ್ಪನ ಹೆಸರಿನಲ್ಲಿದ್ದರೆ ಅಪ್ಪನ ಪತ್ರ, ವಂಶವೃಕ್ಷ. ಪಹಣಿ ಕನ್ನಡದಲ್ಲಿರುವುದರಿಂದ ಅನುವಾದ ಮಾಡಿಸಬೇಕು. ಎಲ್ಲದರ ಮೇಲೆ ಒಂದು ಪುಟದ ಪತ್ರ: ನಮ್ಮದು ವರ್ಷಕ್ಕೊಂದು ಬೆಳೆ, ಅಡಿಕೆ ಗೊನೆ ತೆಗೆದು, ಸುಲಿದು, ಬೇಯಿಸಿ, ಒಣಗಿಸಿ ಮಾರುವುದು ಇಂತಿಂಥ ತಿಂಗಳಲ್ಲಿ, ಆದ್ದರಿಂದ ದುಡ್ಡು ಹೀಗೆ ಬರುತ್ತದೆ. ಈ ಪತ್ರಕ್ಕೆ ನಾನು ಜಾಸ್ತಿ ಹೊತ್ತು ಕೊಡುತ್ತೇನೆ. ಹೊಲದಲ್ಲಿ ಕಷ್ಟಪಟ್ಟು ದುಡಿದವನ ಗಳಿಕೆ ಅನುಮಾನಕ್ಕೆ ಸಿಕ್ಕಬಾರದು. ಪ್ಯಾಕೇಜ್ ತಗೊಂಡಾಗ ಮುಂಚಿತವಾಗಿ ವಸೂಲಾಗುವ ತೆರಿಗೆ, ಅಂದರೆ ಟಿಸಿಎಸ್, ವಾಪಸ್ ಬೇಕಾದರೂ ರಿಟರ್ನ್ಸ್ ಹಾಕಲೇಬೇಕು, ಆದ್ದರಿಂದ ತೋಟದವರು ಈ ವರ್ಷದಿಂದಲೇ ಆ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ತಾರೀಖು ಗೊತ್ತುಮಾಡುವಾಗಲೂ ತೋಟ ನೆನಪಿರಲಿ. ಅಡಿಕೆ ಗೊನೆ ಕೊಯ್ಲಿನ ನಡುವೆ, ಇಲ್ಲವೇ ಕೊಳೆರೋಗಕ್ಕೆ ಔಷಧಿ ಹೊಡೆಯುವ ಹೊತ್ತಿಗೆ, ಆ ಹುಡುಗ ಬರಲಾರ. ಏಪ್ರಿಲ್-ಮೇ ಮದುವೆಗಳಿಗೆ ಮಾರ್ಚ್ ಮೊದಲ ಭಾಗ ನನಗೆ ಹಿಡಿಸುತ್ತದೆ. ಅಲ್ಲಿ ಚಳಿ ಇರುತ್ತದೆ, ದಪ್ಪ ಜಾಕೆಟ್ ಬೇಕು, ಆದರೆ ಬೇಸಿಗೆಯ ಜನಜಂಗುಳಿ ಇರುವುದಿಲ್ಲ. ಮೂರು ಊರಲ್ಲಿ ನಾನು ಬುಡಾಪೆಸ್ಟ್‌ಗೇ ಓಟು ಹಾಕುವುದು. ಆಮ್‌ಸ್ಟರ್‌ಡ್ಯಾಮ್ ನಗರಸಭೆ 2023ರಲ್ಲಿ ಕುಡಿದು ಗಲಾಟೆ ಮಾಡಲು ಬರುವ ಬ್ರಿಟಿಷ್ ಹುಡುಗರಿಗೆ "ದೂರ ಇರಿ" ಅಂತಲೇ ಪ್ರಚಾರ ಮಾಡಿತು. ಪ್ರಾಗ್‌ನಲ್ಲಿ 2024ರಿಂದ ರಾತ್ರಿ ಹತ್ತರ ಮೇಲೆ ಏಜೆನ್ಸಿಗಳು ಗುಂಪು ಕಟ್ಟಿಕೊಂಡು ಬಾರಿಂದ ಬಾರಿಗೆ ಸುತ್ತಿಸುವುದನ್ನು ನಿಲ್ಲಿಸಿದ್ದಾರೆ. ಪಾರ್ಟಿ ಗುಂಪುಗಳಿಂದ ಆ ಊರಿನವರು ರೋಸಿಹೋಗಿದ್ದಾರೆ.

ವಿಮಾನ ಬುಕ್ ಮಾಡುವಾಗ ಒಂದು ಸೂಕ್ಷ್ಮ ಇದೆ. ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್ ಮೂಲಕ ಹೋದರೆ, ಜರ್ಮನಿಯೂ ಷೆಂಗೆನ್ ದೇಶವಾದ್ದರಿಂದ, ಪಾಸ್‌ಪೋರ್ಟ್ ತಪಾಸಣೆ ಅಲ್ಲೇ ಆಗುತ್ತದೆ. 2025ರ ಅಕ್ಟೋಬರ್‌ನಿಂದ ಬೆರಳಚ್ಚು, ಫೋಟೋ ತಗೊಳ್ಳುವ ಹೊಸ ವ್ಯವಸ್ಥೆ ಶುರುವಾಗಿದೆ, ಸಾಲು ನಿಧಾನ. ಒಂದು ಗಂಟೆಯ ಕನೆಕ್ಷನ್ ನಂಬಿ ಎಂಟು ಜನರನ್ನು ಕಳಿಸಲಾರೆ, ಮೂರು ಗಂಟೆಯಾದರೂ ಇರಬೇಕು. ದುಬೈ ಅಥವಾ ದೋಹಾ ಮೂಲಕ ಹೋದರೆ ತಪಾಸಣೆ ಬುಡಾಪೆಸ್ಟ್‌ನಲ್ಲೇ, ತಡವಾದರೂ ಯಾವ ವಿಮಾನವೂ ತಪ್ಪುವುದಿಲ್ಲ.

ಊರು ಡ್ಯಾನ್ಯೂಬ್ ನದಿಯ ಎರಡು ದಡದಲ್ಲಿದೆ. ಬುಡಾ ಗುಡ್ಡದ ಕಡೆ, ಪೆಸ್ಟ್ ಬಯಲಿನ ಕಡೆ. ರಾತ್ರಿಯ ಜೀವ ಎಲ್ಲ ಪೆಸ್ಟ್‌ನ ಏಳನೇ ಜಿಲ್ಲೆಯಲ್ಲಿ (ಜಿಲ್ಲೆ ಅಂದರೆ ಅಲ್ಲಿ ಊರಿನೊಳಗಿನ ಒಂದು ಭಾಗ). ಅದು ಹಳೆಯ ಯಹೂದಿ ಕೇರಿ. ಪಾಳುಬಿದ್ದ ಮನೆಗಳನ್ನೇ ಬಾರ್ ಮಾಡಿದ ಕತೆ ಅಲ್ಲಿಂದ ಶುರು. ಕಾಜಿಂತ್ಸಿ ಬೀದಿಯ ಸಿಂಪ್ಲಾ ಕೆರ್ಟ್ ಅದರಲ್ಲಿ ಹೆಸರುವಾಸಿ. ಅದನ್ನು ನೋಡಲೇಬೇಕು, ಆದರೆ ಆ ಬೀದಿಯಲ್ಲೇ ದಿನಬಾಡಿಗೆಗೆ ಮನೆ ಹಿಡಿದು ಉಳಿದುಕೊಳ್ಳಬೇಡಿ. ಪೆಸ್ಟ್‌ನ ಹಳೆಯ ಕಟ್ಟಡಗಳು ನಮ್ಮ ತೊಟ್ಟಿಮನೆಯ ಹಾಗೆ, ನಡುವೆ ಅಂಗಳ, ಸುತ್ತ ನಾಲ್ಕೈದು ಅಂತಸ್ತಿನ ಮೊಗಸಾಲೆ. ಕೆಳಗೆ ಬ್ಯಾಗ್ ಎಳೆದರೆ ಮೇಲಿನ ಮನೆಯ ಅಜ್ಜಿಗೆ ಎಚ್ಚರವಾಗುತ್ತದೆ. ರಾತ್ರಿ ಎರಡಕ್ಕೆ ಎಂಟು ಜನ ನಗುತ್ತಾ ಬಂದರೆ ಆ ಕಟ್ಟಡದ ಯಾರಿಗೂ ನಿದ್ದೆ ಇಲ್ಲ. ಪಕ್ಕದ ಆರನೇ ಜಿಲ್ಲೆಯವರಂತೂ 2026ರ ಜನವರಿಯಿಂದ ಮನೆಗಳನ್ನು ಹೀಗೆ ದಿನಬಾಡಿಗೆಗೆ ಕೊಡುವುದನ್ನೇ ನಿಲ್ಲಿಸಿದರು. ಗುಂಪಿಗೆ ಹೋಟೆಲ್ಲೇ ಸರಿ. 4, 6ನೇ ನಂಬರ್ ಟ್ರಾಮ್ ದಾರಿಯ ಹತ್ತಿರ ರೂಮು ಹಿಡಿದರೆ ನಡುರಾತ್ರಿಯಲ್ಲೂ ಟ್ರಾಮ್ ಸಿಗುತ್ತದೆ.

ಹಗಲಿಗೆ ಬಿಸಿನೀರಿನ ಕೊಳಗಳು. 1913ರಲ್ಲಿ ತೆರೆದ ಸೆಚೆನ್ಯಿ ಸ್ನಾನಗೃಹದಲ್ಲಿ ಹೊರಗಿನ ಚಳಿಗೆ ನೀರಿನಿಂದ ಹಬೆ ಏಳುತ್ತಿರುತ್ತದೆ, ಮುದುಕರು ಎದೆಮಟ್ಟ ನೀರಲ್ಲಿ ನಿಂತು ಚದುರಂಗ ಆಡುತ್ತಿರುತ್ತಾರೆ. ಕುಡಿಯದ ಗೆಳೆಯನಿಗೂ ಇದು ಅಷ್ಟೇ ಖುಷಿ ಕೊಡುತ್ತದೆ. ನಾನು ಈ ಊರನ್ನು ಆರಿಸಲು ದೊಡ್ಡ ಕಾರಣ ಇದು. ಈಜುಡುಗೆ, ಚಪ್ಪಲಿ, ಟವೆಲ್ ಮನೆಯಿಂದಲೇ ಒಯ್ಯಿರಿ. ಗೆಲರ್ಟ್ ಸ್ನಾನಗೃಹ 2025ರ ಅಕ್ಟೋಬರ್‌ನಿಂದ ದೊಡ್ಡ ದುರಸ್ತಿಗೆ ಮುಚ್ಚಿದೆ, ಹಳೆಯ ವಿಡಿಯೋ ನೋಡಿ ಅಲ್ಲಿಗೆ ಹೋಗಬೇಡಿ. ಸಂಜೆ ನದಿ ದಡದ 2ನೇ ನಂಬರ್ ಟ್ರಾಮ್ ಹತ್ತಿದರೆ ಟ್ರಾಮ್ ಟಿಕೆಟಿನ ದುಡ್ಡಿಗೇ ಪಾರ್ಲಿಮೆಂಟಿನ ದೀಪ ನೋಡಬಹುದು. ಟಿಕೆಟ್ಟಿಗೆ ಮೆಷಿನ್ನಿನಲ್ಲಿ ಗುರುತು ಹಾಕಿಸಿ, ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ.

ಪಾರ್ಲಿಮೆಂಟಿನ ಹತ್ತಿರ ದಡದಲ್ಲಿ 60 ಜೊತೆ ಕಬ್ಬಿಣದ ಚಪ್ಪಲಿ, ಬೂಟುಗಳು ಸಾಲಾಗಿವೆ. 1944-45ರಲ್ಲಿ ಯಹೂದಿಗಳನ್ನು ಅಲ್ಲಿ ನಿಲ್ಲಿಸಿ, ಚಪ್ಪಲಿ ಬಿಚ್ಚಿಸಿ, ಗುಂಡು ಹೊಡೆದು ನದಿಗೆ ತಳ್ಳಿದರು. ಅವರ ನೆನಪಿಗೆ ಇಟ್ಟದ್ದು ಅದು. ಪಾರ್ಟಿ ಟೋಪಿ ಹಾಕಿಕೊಂಡು ಅದರಲ್ಲಿ ಕಾಲಿಟ್ಟು ಫೋಟೋ ತೆಗೆಸಿಕೊಳ್ಳಬೇಡಿ. ಹೊರಡುವ ಮುಂಚೆ ಪ್ರತಿ ಗುಂಪಿಗೂ ಇದನ್ನು ಹೇಳುತ್ತೇನೆ.

ಇನ್ನೊಂದು ಎಚ್ಚರ ಹುಡುಗರ ಗುಂಪಿಗೆ. ವಾತ್ಸಿ ಬೀದಿಯ ಸುತ್ತಮುತ್ತ ಇಬ್ಬರು ಚೆಂದದ ಹುಡುಗಿಯರು ದಾರಿ ಕೇಳುವ ನೆಪದಲ್ಲಿ ಮಾತಿಗೆ ಬಂದು, "ಇಲ್ಲೇ ಒಳ್ಳೆ ಬಾರ್ ಇದೆ" ಅಂತ ಕರೆಯುವುದು ಹಳೆಯ ಮೋಸ. ಎರಡು ಗ್ಲಾಸಿಗೆ ಸಾವಿರಾರು ರೂಪಾಯಿಯ ಬಿಲ್ಲು ಬರುತ್ತದೆ, ಬಾಗಿಲಲ್ಲಿ ದಾಂಡಿಗರು ನಿಂತಿರುತ್ತಾರೆ. ಮೆನುವಿನಲ್ಲಿ ರೇಟು ನೋಡದೆ ಎಲ್ಲೂ ಏನೂ ಆರ್ಡರ್ ಮಾಡಬೇಡಿ. ಹೋಟೆಲ್ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿದ್ದರೆ ಮತ್ತೆ ಟಿಪ್ಸ್ ಬೇಡ. ಕಾರ್ಡ್ ಉಜ್ಜಿದಾಗ ಅಲ್ಲಿನ ನಾಣ್ಯವಾದ ಫೋರಿಂಟ್ ಬೇಕೋ ರೂಪಾಯಿ ಬೇಕೋ ಅಂತ ಕೇಳಿದರೆ ಫೋರಿಂಟ್ ಒತ್ತಿ, ರೂಪಾಯಿ ಒತ್ತಿದರೆ ರೇಟು ಕೆಟ್ಟದಾಗಿರುತ್ತದೆ. ಸಸ್ಯಾಹಾರಿಗಳು ಸೊಪ್ಪು-ತರಕಾರಿ ಸಾರನ್ನೂ ಹಂದಿ ಕೊಬ್ಬು ಹಾಕಿದ್ದೀರಾ ಅಂತ ಕೇಳಿಯೇ ತಿನ್ನಿ.

ಕೊನೆಯದಾಗಿ, ಒಬ್ಬರಿಗೆ ವೀಸಾ ಸಿಗದಿದ್ದರೆ ಏನು ಅನ್ನುವುದನ್ನು ಅಡ್ವಾನ್ಸ್ ಕೊಡುವ ದಿನವೇ ಬರೆದಿಡಿ. ಅವರ ಪಾಲಿನ ರೂಮಿನ ನಷ್ಟವನ್ನು ಎಲ್ಲರೂ ಹಂಚಿಕೊಳ್ಳುವುದು, ಟಿಕೆಟ್ಟನ್ನು ವೀಸಾ ಬಂದ ಮೇಲೆ ಅಥವಾ ರದ್ದು ಮಾಡಿದರೆ ದುಡ್ಡು ಬರುವ ದರದಲ್ಲಿ ತಗೊಳ್ಳುವುದು, ಮತ್ತು ಮದುಮಗನಿಗೇ ಸಿಗದಿದ್ದರೆ ಇಡೀ ಪ್ಲಾನ್ ಕೈಬಿಡುವುದು. ವಾಪಸ್ ಬರುವ ದಿನಕ್ಕೂ ಮದುವೆಗೂ ನಡುವೆ ಮೂರು ವಾರ ಇರಲಿ. ಆಮಂತ್ರಣ ಹಂಚುವುದಕ್ಕೆ ಅವನು ಮನೆಯಲ್ಲಿ ಬೇಕು.