ಮೊದಲು ಓದಿಸಿ, ಆಮೇಲೆ ಬರೆಸಿ
ಒಂದನೇ ಸೆಮಿಸ್ಟರ್‌ನ ಪ್ರೋಗ್ರಾಮಿಂಗ್ ಕೋರ್ಸ್ ರೂಪಿಸಲು ಕೂತರೆ ಸ್ಟಾಫ್ ರೂಮಿನಲ್ಲಿ ಏಳುವ ಮೊದಲ ಜಗಳ ಒಂದೇ: ಸಿ ಭಾಷೆ ಕಲಿಸೋಣವೋ, ಪೈಥಾನ್ ಭಾಷೆಯೋ? ಸಿ ಕಲಿತರೆ ಮೆಮೊರಿಯ ಕೆಲಸ ಅರ್ಥವಾಗುತ್ತದೆ. ಪೈಥಾನ್‌ನಲ್ಲಿ ಸಿಯಂತೆ ಸಾಲಿನ ಕೊನೆಗೆ ಸೆಮಿಕೋಲನ್ ಹಾಕುವ ಕಾಟವಿಲ್ಲ. ನನ್ನ ಓಟು ಪೈಥಾನ್‌ಗೆ. ಆದರೆ ಈ ಜಗಳಕ್ಕೆ ಇಷ್ಟು ಹೊತ್ತು ಕೊಡಬೇಕಿಲ್ಲ.

ಮೊದಲ ಮೂರು ವಾರ ಮಕ್ಕಳು ಏನು ಮಾಡುತ್ತಾರೆ ಎನ್ನುವುದೇ ದೊಡ್ಡ ಪ್ರಶ್ನೆ. ಕೋಡ್ ಬರೆಯುವುದು ಬೇಡ, ಓದಲಿ ಎನ್ನುತ್ತೇನೆ. ಎ = 5, ಬಿ = 8 ಎಂದು ಬೋರ್ಡಿನ ಮೇಲೆ ಬರೆಯಿರಿ. ಕೆಳಗೆ ಎ = ಬಿ, ಅದರ ಕೆಳಗೆ ಬಿ = ಎ. ಈಗ ಯಾವುದರಲ್ಲಿ ಎಷ್ಟಿದೆ? "ಅದಲುಬದಲಾಯ್ತು ಸರ್" ಎಂದು ಹಲವರು ಹೇಳುತ್ತಾರೆ. ಎರಡರಲ್ಲೂ ಇರುವುದು 8. ಅದುವರೆಗಿನ ಗಣಿತದಲ್ಲಿ = ಗುರುತಿನ ಎರಡೂ ಕಡೆ ಸಮ. ಇಲ್ಲಿ ಅದು ಬಲಗಡೆಯ ಬೆಲೆಯನ್ನು ಎಡಗಡೆಗೆ ತುಂಬು ಎಂಬ ಅಪ್ಪಣೆ. ಹಳೆಯ 5 ಆಗಲೇ ಅಳಿಸಿಹೋಗಿದೆ. ಎ, ಬಿಯಂತೆ ಬೆಲೆ ಇಟ್ಟುಕೊಳ್ಳುವ ಪ್ರತಿ ಹೆಸರಿಗೆ, ಅಂದರೆ ವೇರಿಯಬಲ್‌ಗೆ, ಒಂದು ಕಾಲಂ ಎಳೆದು, ಸಾಲು ಸಾಲಾಗಿ ಬೆಲೆ ಬರೆಸಿದರೆ ಇದು ತಾನಾಗಿ ಕಾಣುತ್ತದೆ. ಅದೇ ಸಾಲುಗಳನ್ನು ಮತ್ತೆ ಮತ್ತೆ ಓಡಿಸುವ ಲೂಪ್ ಬಂದಾಗಲೂ ಇದೇ ಕಾಗದ, ಇದೇ ಪೆನ್ಸಿಲ್.

ಆಮೇಲೆ ಪಾರ್ಸನ್ಸ್ ಪ್ರಾಬ್ಲಂ. ನ್ಯೂಜಿಲೆಂಡಿನ ಡೇಲ್ ಪಾರ್ಸನ್ಸ್ ಮತ್ತು ಪೆಟ್ರೀಷಿಯಾ ಹೇಡನ್ 2006ರಲ್ಲಿ ಮುಂದಿಟ್ಟ ಉಪಾಯ ಇದು. ಸರಿಯಾದ ಪ್ರೋಗ್ರಾಂನ ಸಾಲುಗಳನ್ನು ಕಲೆಸಿ ಕೊಡುವುದು, ಮಕ್ಕಳು ಜೋಡಿಸುವುದು. ಕನ್ನಡ ಮಾಧ್ಯಮದಿಂದ ಬಂದು, ಕೀಬೋರ್ಡ್ ಮೇಲೆ ಅಕ್ಷರ ಹುಡುಕುವ ಹುಡುಗಿಯೂ ಇಲ್ಲಿ ಹಿಂದೆ ಬೀಳುವುದಿಲ್ಲ. ಯೋಚನೆಗಷ್ಟೇ ಕೆಲಸ.

ಇನ್ನೊಂದು ತಲೆನೋವು, ಪಿಯುಸಿಯಲ್ಲಿ ಪಿಸಿಎಂಸಿ (ಕಂಪ್ಯೂಟರ್ ಸೈನ್ಸ್ ಇರುವ ವಿಭಾಗ) ಓದಿದವರು ಮತ್ತು ಪಿಸಿಎಂಬಿ (ಅದರ ಬದಲು ಜೀವಶಾಸ್ತ್ರ) ಓದಿದವರು ಒಂದೇ ಬೆಂಚಿನಲ್ಲಿ ಕೂರುವುದು. ಬಲ್ಲವರು ಪಟಪಟ ಉತ್ತರ ಹೇಳಿದರೆ ಉಳಿದವರು ಬಾಯಿ ಮುಚ್ಚುತ್ತಾರೆ. ಅಮೆರಿಕದ ಹಾರ್ವಿ ಮಡ್ ಕಾಲೇಜು ಹೊಸಬರಿಗೂ ಅನುಭವ ಇದ್ದವರಿಗೂ ಬೇರೆ ಬೇರೆ ಸೆಕ್ಷನ್ ಮಾಡಿತು. ಅಲ್ಲಿ ಕಂಪ್ಯೂಟರ್ ಸೈನ್ಸ್ ಆರಿಸಿಕೊಳ್ಳುವ ಹೆಣ್ಣುಮಕ್ಕಳು ಹೆಚ್ಚಾದದ್ದಕ್ಕೆ ಇದೂ ಒಂದು ಕಾರಣ. ನಮ್ಮಲ್ಲಿ ಥಿಯರಿಗೆ ಆಗದಿದ್ದರೂ ಲ್ಯಾಬ್ ಬ್ಯಾಚ್‌ಗಳನ್ನಾದರೂ ಹೀಗೆ ಮಾಡಬಹುದು.

ಪರೀಕ್ಷೆ ಬದಲಾಗದಿದ್ದರೆ ಇದೆಲ್ಲ ಸುಮ್ನೆ. ಲ್ಯಾಬ್ ಪರೀಕ್ಷೆಯಲ್ಲಿ ಮೊದಲೇ ಗೊತ್ತಿರುವ ಪ್ರೋಗ್ರಾಂಗಳ ಪಟ್ಟಿಯಿಂದ ಚೀಟಿ ಎತ್ತಿಸಿದರೆ ಮಕ್ಕಳು ಉರು ಹೊಡೆದೇ ಬರುತ್ತಾರೆ. ಅವರ ತಪ್ಪಲ್ಲ, ನಾವು ಅಳೆಯುತ್ತಿರುವುದೇ ಅದನ್ನು. ಬದಲಿಗೆ ಓಡುವ ಪ್ರೋಗ್ರಾಂ ಒಂದನ್ನು ಕೊಡಿ: ಸರಾಸರಿ ಲೆಕ್ಕದಲ್ಲಿ ಕೊನೆಯ ವಿದ್ಯಾರ್ಥಿಯ ಅಂಕ ಬಿಟ್ಟುಹೋಗುತ್ತಿದೆ, ಯಾವ ಸಾಲಿನಿಂದ? ತಿದ್ದಿ, ಕಾರಣ ಬಾಯಲ್ಲಿ ಹೇಳಲಿ. ಮೇಷ್ಟ್ರಿಗೆ ಕೆಲಸ ಜಾಸ್ತಿ, ನಿಜ. ಪ್ರತಿ ಬ್ಯಾಚ್‌ಗೂ ಬೇರೆ ತಪ್ಪು ಹುದುಗಿಸಬೇಕು. ಮೊದಲ ಬ್ಯಾಚ್ ಹೊರಗೆ ಹೋದ ಕೂಡಲೇ ಪ್ರಶ್ನೆ ವಾಟ್ಸಾಪ್‌ನಲ್ಲಿರುತ್ತದೆ.